ದಿಬ್ಬಗಳನ್ನು ಒರೆಸಿದ ಹುಡುಗ

ಸಾವಿರ ವರ್ಷಗಳಿಂದ ನಾರ್ವೆಯ ಕಡಲ ದಂಡೆಯಲ್ಲಿ ನೆಮ್ಮದಿಯಾಗಿ ಮಲಗಿದ್ದವರನ್ನೆಲ್ಲ ಯೋಗಾನಂದ ಎಂಬ ಮನುಷ್ಯ ಸ್ಯಾನ್ ಮಟಿಯೋದ ಆಫೀಸಿನಲ್ಲಿ ಕೂತು ಒಂದೇ ವಾರದಲ್ಲಿ ಒರೆಸಿ ಹಾಕಿದ್ದ.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ರೂಮ್‌ಮೇಟ್ ಜಹೀದಾಳ ಕಾರಿನ ಕೀ ಕಿತ್ತುಕೊಂಡು ಬರ್ಕ್ಲಿಯಿಂದ ಹೊರಟವಳು, ಓಕ್ಲ್ಯಾಂಡ್ ದಾಟಿ, ಫ್ರೀವೇಯಲ್ಲಿ ತೆವಳಿ, ಕೊಲ್ಲಿಯ ಮೇಲಿನ ಆ ಉದ್ದನೆಯ ಸೇತುವೆ ಮುಗಿಯುವವರೆಗೂ ಬೈಗುಳಗಳನ್ನೇ ಜೋಡಿಸಿಕೊಂಡೆ.

ನಾನು ನಿಸರ್ಗಾ, ಹಾಸನದವಳು. ಬರ್ಕ್ಲಿಯಲ್ಲಿ ನನ್ನ ಪಿಎಚ್‌ಡಿ ಮುಗಿಯುತ್ತಾ ಬಂದಿದೆ. ಕ್ರೈಸ್ತ ಧರ್ಮ ಬರುವ ಮೊದಲು ನಾರ್ವೆಯ ಜನ ತಮ್ಮ ಸತ್ತವರನ್ನು ಎಲ್ಲಿ ಹೂಳುತ್ತಿದ್ದರು, ಹೇಗೆ ಪೂಜಿಸುತ್ತಿದ್ದರು ಎಂಬುದು ನನ್ನ ವಿಷಯ. ಅವರು ಸಮಾಧಿಯ ಮೇಲೆ ಮಣ್ಣಿನ ದಿಬ್ಬ ಎಬ್ಬಿಸುತ್ತಿದ್ದರು. ಕೆಲವು ಕಡೆ ಸುತ್ತಲೂ ಹಡಗಿನ ಆಕಾರದಲ್ಲಿ ಕಲ್ಲು ನೆಡುತ್ತಿದ್ದರು. ಈಗ ಅವುಗಳ ಮೇಲೆ ಕಾಡು ಬೆಳೆದಿದೆ. ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುತಗ್ಗು ಅಳೆದ ಡೇಟಾ ನನ್ನ ಹತ್ತಿರ ಇತ್ತು. ಅದರಿಂದ ಮರಗಳನ್ನು ತೆಗೆದು ಬರೀ ನೆಲವನ್ನು ತೋರಿಸಿಕೊಡುವವರು ಬೇಕಾಗಿದ್ದರು.

“ನಮ್ಮ ಆಫೀಸಲ್ಲಿ ಒಬ್ಬ ಇದಾನೆ ಕಣೇ, ಮಂಡ್ಯದೋನು,” ಎಂದಿದ್ದಳು ಜಹೀದಾ. “ಡ್ರೈವರ್ ಇಲ್ದೇ ಓಡೋ ಕಾರಿಗೆ ಇದೇ ಲೇಸರ್ ಕೆಲಸ ಮಾಡ್ತಾನೆ. ತುಂಬಾ ಒಳ್ಳೇವ್ನು.”

ಆ ಒಳ್ಳೆಯವನು ಕಳಿಸಿದ ಚಿತ್ರದಲ್ಲಿ ಮರ ಇರಲಿಲ್ಲ, ದಿಬ್ಬವೂ ಇರಲಿಲ್ಲ. ಎಲ್ಲರಿಗೂ ಗೊತ್ತಿರುವ ದೊಡ್ಡ ದಿಬ್ಬಗಳು ಕೂಡ ಮಾಯ. ನೆಲ ದೋಸೆ ಹೆಂಚಿನ ಹಾಗೆ ನುಣ್ಣಗಿತ್ತು.

ಲಾಬಿಗೆ ಇಳಿದು ಬಂದವನ ಮುಖದಲ್ಲಿ ಶಭಾಷ್‌ಗಿರಿ ಪಡೆಯಲು ಬಂದವನ ಕಳೆ. ಕೆದರಿದ ಕೂದಲು, ಕೈಯಲ್ಲಿ ನನಗಾಗಿ ತಂದ ಕಾಫಿ.

“ಚೆನ್ನಾಗಿ ಬಂದಿದೆ ಅಲ್ವಾ?” ಎಂದ.

“ರೀ ಸ್ವಾಮಿ, ನನ್ನ ಸಮಾಧಿಗಳೆಲ್ಲಿ?”

ಪುಣ್ಯಕ್ಕೆ ರಿಸೆಪ್ಶನ್‌ನಲ್ಲಿದ್ದವಳಿಗೆ ಕನ್ನಡ ಬರುತ್ತಿರಲಿಲ್ಲ.

“ಸಮಾಧಿನಾ? ಅಲ್ಲಿ ಬರೀ ಗುಡ್ಡೆ ಗುಡ್ಡೆ ಇತ್ತು. ಎಲ್ಲಾ ಕ್ಲೀನ್ ಮಾಡ್ದೆ.”

“ಅಯ್ಯೋ, ಆ ಗುಡ್ಡೇನೇ ರೀ ಸಮಾಧಿ!”

ಅವನ ಮುಖ ಬಿಳಚಿಕೊಂಡಿತು. ಹೊಗೆ, ಧೂಳು, ಪೊದೆ ಎಲ್ಲವೂ ಕಾರಿನ ಲೇಸರ್‌ಗೆ ನೆಲದ ಉಬ್ಬಿನ ಹಾಗೆ ಕಾಣುತ್ತವಂತೆ. ಅವನ್ನೆಲ್ಲ ಅಳಿಸಿ ರಸ್ತೆಯನ್ನು ಮಟ್ಟ ಮಾಡುವುದೇ ಇವನ ದಿನದ ಕೆಲಸವಂತೆ. ಅಭ್ಯಾಸ ಬಲದಿಂದ ಇಲ್ಲೂ ಅದನ್ನೇ ಮಾಡಿಬಿಟ್ಟಿದ್ದ.

“ಅಷ್ಟೂ ಜನರನ್ನ ನಾನು ಇನ್ನೊಂದ್ಸಲ ಮಣ್ಣು ಮಾಡ್ಬಿಟ್ನಾ?” ಎಂದ, ಸಾವಿನ ಮನೆಗೆ ಬಂದವನಷ್ಟು ಮೆಲ್ಲಗೆ.

ನಗಬಾರದೆಂದು ತುಟಿ ಕಚ್ಚಿಕೊಂಡೆ. ಸೇತುವೆಯ ಮೇಲೆ ಅಷ್ಟು ಕಷ್ಟಪಟ್ಟು ಜೋಡಿಸಿದ ಬೈಗುಳವೆಲ್ಲ ದಂಡವಾಯಿತು. ನಕ್ಕುಬಿಟ್ಟೆ.

“ಒರಿಜಿನಲ್ ಹಾಗೇ ಇದೆ, ಮತ್ತೆ ಮಾಡ್ತೀನಿ. ಆದ್ರೆ ದಿಬ್ಬ ಅಂದ್ರೆ ಹೆಂಗಿರುತ್ತೆ ಅಂತ ನೀವು ತೋರಿಸ್ಬೇಕು.”

“ತೋರಿಸ್ತೀನಿ, ಬೇಗ ಮಾಡಿ. ಯಾರೂ ನೋಡಿರದ ಒಂದೇ ಒಂದು ಜಾಗ ಸಿಕ್ರೂ ಸಾಕು, ಅಲ್ಲಿನ ಮ್ಯೂಸಿಯಂನೋರು ನನಗೆ ಎರಡು ವರ್ಷದ ಕೆಲಸ ಕೊಡ್ತಾರೆ. ಸಿಗ್ಲಿಲ್ಲ ಅಂದ್ರೆ ಇಲ್ಲ.”

“ಎರಡು ವರ್ಷ, ನಾರ್ವೆಲಿ?”

“ಹೂಂ.”

ಅವನು ಕಾಫಿಯನ್ನು ನನಗೆ ಕೊಡುವುದು ಮರೆತು ತಾನೇ ಕುಡಿದ.

ಆ ಭಾನುವಾರ ಬರ್ಕ್ಲಿಯ ಕೊಲ್ಲಿ ದಡದ ಪಾರ್ಕಿಗೆ ಕರೆದುಕೊಂಡು ಹೋದೆ. ಹಸಿರು ಉಬ್ಬುಗಳ ಮೇಲೆ ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು.

“ಇವೂ ಸಮಾಧಿನಾ?”

“ಅಲ್ಲ, ಊರಿನ ಹಳೇ ಕಸ. ಮೇಲೆ ಹುಲ್ಲು ಬೆಳೆಸಿದ್ದಾರೆ.”

“ನೋಡಿ ನನ್ನ ಹಣೆಬರಹ. ಲೈಫಲ್ಲಿ ಫಸ್ಟ್ ಟೈಮ್ ಒಬ್ಬ ಹುಡುಗಿ ಸುತ್ತಾಡೋಕೆ ಕರೆದ್ಲು, ಅದೂ ತಿಪ್ಪೆಗೆ.”

ನಿಜವಾದ ಸಮಾಧಿ ದಿಬ್ಬ ಬೇಕೆಂದರೆ ದಕ್ಷಿಣಕ್ಕೆ ನೋಡು ಎಂದೆ. ಎಮರಿವಿಲ್‌ನಲ್ಲಿ ಈಗ ಶಾಪಿಂಗ್ ಸೆಂಟರ್ ಇರುವಲ್ಲಿ ಇಲ್ಲಿನ ಮೂಲನಿವಾಸಿಗಳಾದ ಒಲೋನಿ ಜನರದ್ದು ದೊಡ್ಡದೊಂದು ಇತ್ತು, ಅದನ್ನು ಮಟ್ಟ ಮಾಡಿ ಕಟ್ಟಡ ಕಟ್ಟಿದರು. ಯೋಗಾನಂದ ಅತ್ತ ನೋಡುತ್ತಾ ನಿಂತ. “ಪ್ರತೀ ವಾರ ಅಲ್ಲೇ ಪಾರ್ಕ್ ಮಾಡ್ತೀನಿ,” ಎಂದ. ಈ ಸಲ ಅದು ತಮಾಷೆಯಾಗಿರಲಿಲ್ಲ. ಅವನು ನನಗೆ ಇಷ್ಟವಾಗತೊಡಗಿದ್ದು ಆ ಗಳಿಗೆಯಲ್ಲೇ ಇರಬೇಕು.

ಸೂರ್ಯ ಇಳಿಯುತ್ತಾ ಬಂದಾಗ ಹುಲ್ಲಿನಲ್ಲಿ ಮಲಗಲು ಹೇಳಿದೆ. ಎತ್ತರ ಕಡಿಮೆಯಿರುವ ದಿಬ್ಬವನ್ನು ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಬಿಸಿಲು ಓರೆಯಾಗಿ ಬೀಳುವಾಗ ಕೆನ್ನೆ ನೆಲಕ್ಕೆ ತಾಗಿಸಿ ನೋಡಬೇಕು, ಆಗ ಗೇಣುದ್ದದ ಉಬ್ಬಿಗೂ ನೆರಳು ಬೀಳುತ್ತದೆ. ಇಬ್ಬರೂ ಎದುರುಬದುರು ಕೆನ್ನೆ ಊರಿದೆವು. ಅವನ ರೆಪ್ಪೆಯ ಮೇಲೆ ಒಂದು ಹುಲ್ಲಿನ ಎಸಳು ತೂಗುತ್ತಿತ್ತು. ತೆಗೆಯಲೇ ಎಂದುಕೊಂಡೆ, ಧೈರ್ಯ ಬರಲಿಲ್ಲ.

“ಉಬ್ಬು ಕಾಣಿಸ್ತಾ?”

“ಕಾಣಿಸ್ತಿದೆ.”

“ಎಲ್ಲಿ? ನೀವು ನೋಡ್ತಿರೋದು ನನ್ನ ಮೂಗು.”

“ಅದಕ್ಕೂ ನೆರಳು ಚೆನ್ನಾಗೇ ಬೀಳ್ತಿದೆ.”

ನಾನು ತಟ್ಟನೆ ಎದ್ದು ಕೂತು, ಬೇಕಿಲ್ಲದಿದ್ದರೂ ಸೀರಿಯಸ್ಸಾಗಿ ಪಾಠ ಶುರು ಮಾಡಿದೆ. ಆ ಜನ ಸತ್ತವರ ಜೊತೆ ಬಾಚಣಿಗೆ, ಮಣಿಸರ, ಚಾಕು ಇಡುತ್ತಿದ್ದರು. ಹಬ್ಬದ ದಿನ ಮನೆಯವರು ದಿಬ್ಬದ ಮೇಲೆ ಬಿಯರ್ ಸುರಿಯುತ್ತಿದ್ದರಂತೆ.

“ಇದರಲ್ಲಿ ವಿಚಿತ್ರ ಏನಿದೆ ರೀ? ಹಿರಿಯರ ಹಬ್ಬಕ್ಕೆ ನಮ್ಮನೇಲಿ ತಾತಂಗೆ ಎಡೆ ಇಡಲ್ವಾ? ಮುದ್ದೆ, ಬಾಡಿನ ಸಾರು, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಬೀಡಿ ಮರೆತ್ರೆ ಅಜ್ಜಿ ಬಯ್ಯೋದು.”

ಐದು ವರ್ಷ ಓದಿ ನಾನು ಬರೆಯಲು ಒದ್ದಾಡುತ್ತಿದ್ದ ಪ್ರೀತಿಯನ್ನು ಇವನು ಹುಲ್ಲು ಕೊಡವಿಕೊಳ್ಳುತ್ತಾ ಹೇಳಿಬಿಟ್ಟಿದ್ದ. ಅವನ ತಾತನನ್ನು ಒಮ್ಮೆ ನೋಡಬೇಕಿತ್ತು ಅನ್ನಿಸಿತು.

ಆಮೇಲೆ ಪ್ರತಿ ವೀಕೆಂಡೂ ಅದೇ ಪಾರ್ಕು. ಅವನು ಪ್ರೋಗ್ರಾಮಿಗೆ ಓರೆ ಬಿಸಿಲನ್ನು ಕಲಿಸಿದ. ಅಳಿಸಿಹೋಗಿದ್ದ ದಿಬ್ಬಗಳು ಒಂದೊಂದಾಗಿ ಎದ್ದು ಬಂದವು. ಹೊಸದು ಮಾತ್ರ ಸಿಗಲಿಲ್ಲ. “ಸಿಕ್ಕಿದ್ರೆ ಹೋಗೇ ಹೋಗ್ತೀರಾ?” ಎಂದು ಅವನು ಕೇಳಲಿ ಎಂದು ಕಾದೆ. ಪುಣ್ಯಾತ್ಮ ಕೇಳಲೇ ಇಲ್ಲ. ನನಗೆ ಕೆಲಸವೂ ಬೇಕಿತ್ತು, ಇವನೂ ಬೇಕಾಗಿದ್ದ. ಇವನಿಗೆ ನಾನು ಹೋದರೂ ಒಂದೇ, ಇದ್ದರೂ ಒಂದೇ ಎಂದುಕೊಂಡು ಮನೆಗೆ ಬಂದು ಜಹೀದಾಳ ಮೇಲೆ ರೇಗುತ್ತಿದ್ದೆ.

“ನನ್ನ ಮೇಲೆ ಯಾಕಮ್ಮಾ? ಹೋಗಿ ಅವನಿಗೇ ಹೇಳು,” ಎನ್ನುತ್ತಿದ್ದಳು ಅವಳು.

ಒಂದು ಶನಿವಾರ ಅವನು ಪಾರ್ಕಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ನನ್ನ ಕಡೆ ತಿರುಗಿಸಿದ. ಕಡಲಿಗೆ ಇಳಿಯುವ ಕಾಡಿನ ಇಳಿಜಾರಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳು. ಎರಡೂ ತುದಿ ಚೂಪು, ನಡು ಅಗಲ. ಕಲ್ಲಿನ ಹಡಗು! ಅದರ ಮಧ್ಯೆ ಎತ್ತರವಿಲ್ಲದ ಒಂದು ದಿಬ್ಬ. ಯಾವ ನಕ್ಷೆಯಲ್ಲೂ ಅದು ಇರಲಿಲ್ಲ.

ನಾನು ಕಿರುಚಿದ ಸದ್ದಿಗೆ ಗಾಳಿಪಟದ ಮಕ್ಕಳೆಲ್ಲ ತಿರುಗಿ ನೋಡಿದರು. ಅವನನ್ನು ಗಟ್ಟಿಯಾಗಿ ತಬ್ಬಿಕೊಂಡೆ. ಅವನು ಮಾತ್ರ ಕಂಬದ ಹಾಗೆ ನಿಂತಿದ್ದ.

“ಇದು ಮಂಗಳವಾರಾನೇ ಸಿಕ್ತು,” ಎಂದ.

“ಇವತ್ತು ಶನಿವಾರ!”

“ಒರೆಸಿಬಿಡೋಣ ಅನ್ನಿಸ್ತು. ಒಂದು ಬಟನ್ ಒತ್ತಿದ್ರೆ ಸಾಕಿತ್ತು. ಯಾರಿಗೂ ಗೊತ್ತಾಗ್ತಿರ್ಲಿಲ್ಲ, ನಿಮಗೂ.”

ಮೈಯೆಲ್ಲ ಉರಿದುಹೋಯಿತು. “ಏನ್ರೀ ಹೇಳ್ತಿದೀರಾ? ನನ್ನ ಐದು ವರ್ಷದ ಕೆಲಸ ರೀ ಅದು!”

“ಗೊತ್ತು. ಅದಕ್ಕೇ ಒರೆಸೋಕೆ ಕೈ ಬರ್ಲಿಲ್ಲ. ಕೊಟ್ರೆ ನೀವು ಹೋಗ್ಬಿಡ್ತೀರಾ, ಕೊಡೋಕೂ ಕೈ ಬರ್ಲಿಲ್ಲ. ಊಟ ಸೇರ್ತಿಲ್ಲ, ನಿದ್ದೆ ಬರ್ತಿಲ್ಲ. ನೀವಂದ್ರೆ ನನಗೆ ಪ್ರಾಣ, ನಿಸರ್ಗಾ. ಹೋಗ್ಬೇಡಿ ಅನ್ನಲ್ಲ, ಹೋಗಿ. ಹೇಳ್ದೇ ಕಳಿಸೋಕಾಗಲ್ಲ, ಅಷ್ಟೇ. ಈಗ ಬೈಯಿರಿ.”

ಬೈಯಲು ಬಾಯಿ ತೆರೆದೆ. ಕಣ್ಣಲ್ಲಿ ನೀರು ಬಂತು.

“ಬೈಯಲ್ಲ ಹೋಗೋ,” ಎಂದೆ. “ನಾನು ಎಷ್ಟು ದಿನದಿಂದ ಕಾಯ್ತಿದೀನಿ ಗೊತ್ತಾ ನಿನ್ನ ಬಾಯಿಂದ ಇದು ಬರ್ಲಿ ಅಂತ?”

ಅವನು ನನ್ನನ್ನೇ ನೋಡಿದ. ಕಿವಿ ಕೆಂಪಾಗಿತ್ತು. ಸ್ವಲ್ಪ ಸತಾಯಿಸೋಣ ಅನ್ನಿಸಿತು.

“ಎರಡು ವರ್ಷ ಕಾಯ್ತೀಯಾ?”

“ಕಾಯ್ತೀನಿ.”

“ನಿಜವಾಗ್ಲೂ?”

“ಅಮ್ಮನಾಣೆ.”

“ಬೇಡ ಬಿಡು. ಅಕ್ಟೋಬರ್ ಮುಗೀತಿದ್ದಂಗೆ ಅಲ್ಲಿ ನೆಲ ಕಲ್ಲಾಗುತ್ತೆ, ಗುದ್ದಲಿ ಇಳಿಯಲ್ಲ. ಬೇಸಿಗೇಲಿ ಅಗೆಯೋದು, ಚಳಿಗಾಲ ಪೂರ್ತಿ ಇಲ್ಲಿ ಬಂದು ಬರೆಯೋದು. ಅರ್ಧ ವರ್ಷ ನಾನು ಬರ್ಕ್ಲಿಲೇ ಇರ್ತೀನಿ ಕಣೋ.”

“ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?”

“ನೀನು ಕೇಳಿದ್ಯಾ?”

ಅವನು ತಲೆ ಮೇಲೆ ಕೈ ಹೊತ್ತುಕೊಂಡು ಹುಲ್ಲಿನಲ್ಲಿ ಕುಸಿದು, ನಗಲು ಶುರುಮಾಡಿದ. ನಾನೂ ಪಕ್ಕದಲ್ಲಿ ಕೂತೆ. ಈ ಸಲ ಅವನು ನನ್ನ ಕೈ ಹಿಡಿದುಕೊಂಡ, ನಾನು ಬಿಡಿಸಿಕೊಳ್ಳಲಿಲ್ಲ. ಬೇಸಿಗೆಯಲ್ಲಿ ರಜೆ ಹಾಕಿ ಬಂದು ಮಣ್ಣು ಹೊರುತ್ತೇನೆ ಎಂದ. ಬಾ, ಕೂಲಿ ಕೊಡಲ್ಲ ಎಂದೆ.

“ಅಮ್ಮಂಗೆ ಈಗ್ಲೇ ಹೇಳ್ಬಿಡ್ತೀನಿ, ಇಲ್ದಿದ್ರೆ ಧೈರ್ಯ ಹೋಗುತ್ತೆ,” ಎಂದು ಫೋನ್ ತೆಗೆದ. ಮಂಡ್ಯದಲ್ಲಿ ಆಗಷ್ಟೇ ಬೆಳಗಾಗುತ್ತಿತ್ತು. ಸ್ಪೀಕರ್ ಹಾಕಿದ. ಅವನ ಅಮ್ಮ ತಾಯಮ್ಮ ಎಲ್ಲವನ್ನೂ ಕೇಳಿಸಿಕೊಂಡರು.

“ಹುಡ್ಗಿ ಏನ್ ಕೆಲ್ಸ ಮಾಡದು ಮಗ?”

ಯೋಗಾನಂದ ನನ್ನ ಮುಖ ನೋಡಿದ. “ಸಾವಿರ ವರ್ಷದ ಹಿಂದೆ ಸತ್ತೋರ ಸಮಾಧಿ ಹುಡುಕ್ತಾಳೆ ಕಣಮ್ಮ.”

ನಾನು ಅವನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ಇನ್ನೇನು ಬೈಗುಳ ಬಂತು ಎಂದುಕೊಂಡೆ.

“ಸಾವ್ರ ವರ್ಸದ್ ಹಿಂದೆ ಸತ್ತೋರ್ನೇ ಬುಡ್ದೆ ಹುಡುಕ್ಕಂಡ್ ಹೋಗೋಳು,” ಎಂದರು ತಾಯಮ್ಮ, “ನಿನ್ನ ಕೈ ಬುಟ್ಟಾಳಾ?”

ಉತ್ತರ ಅವನು ಕೊಡಬೇಕಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ.

“ಬಿಡಲ್ಲ, ಅತ್ತೆ,” ಎಂದುಬಿಟ್ಟೆ.