ಒಂದೇ ಬದಿಗೆ ಮೂಡಿದ ಉಂಗುರ

"ನಿಮ್ಮದು ಒಂದು ಕಮ್ಮಿ ಇದೆ ಕಣ್ರೀ," ಎಂದ ಅವನು. ನನ್ನ ಕಿವಿ ಬಿಸಿಯಾಯಿತು.

ಬಿರುಗಾಳಿಗೆ ಉರುಳಿದ ಮುದಿಮರದ ಕಾಂಡವನ್ನು ಅಡ್ಡ ಕೊಯ್ದ ಬಿಲ್ಲೆಯೊಂದು ಪ್ರಯೋಗಾಲಯದ ಮೇಜಿನ ತುಂಬ ಹರಡಿಕೊಂಡಿತ್ತು. ವರ್ಷಕ್ಕೊಂದು ಉಂಗುರ, ಮಳೆ ಚೆನ್ನಾಗಿ ಬಂದ ವರ್ಷ ಅಗಲ, ಬರ ಬಿದ್ದ ವರ್ಷ ಕೂದಲೆಳೆ. ಪ್ರಯೋಗಾಲಯ ನಡೆಸುವ ಮೇಡಂ ಅವರದೊಂದು ಕಟ್ಟುನಿಟ್ಟು: ಒಂದೇ ಮರವನ್ನು ಇಬ್ಬರು ಎರಡು ಬದಿಯಿಂದ ಎಣಿಸಬೇಕು, ಮುಗಿಯುವ ತನಕ ಲೆಕ್ಕದ ಬಗ್ಗೆ ಬಾಯಿ ಬಿಡಬಾರದು. ನನಗದು ವರವೇ ಆಗಿತ್ತು. ಇಡೀ ವರ್ಷ ಅವನೆದುರು ಕೂತು ಸುಮ್ಮನಿರಲು ಅದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಕ್ಕೀತು?

ಎಣಿಕೆ ಇವತ್ತು ಮುಗಿದಿತ್ತು, ನಾಳೆ ಅವನು ಬೇರೆ ಊರಿನ ಕೆಲಸಕ್ಕೆ ಹೊರಟಿದ್ದ. "ಇವತ್ತಾದ್ರೂ ಹೇಳ್ತೀಯೋ, ಇಲ್ಲಾ ಕಂಬದ ಥರ ನಿಂತಿರ್ತೀಯೋ?" ಎಂದು ಬೆಳಿಗ್ಗೆ ಅಕ್ಕ ಗದರಿದ್ದಳು.

"ಎಣಿಸೋವಾಗ ಎಲ್ಲಿ ನೋಡ್ತಿದ್ರಿ?" ಕನ್ನಡಕದ ಹಿಂದೆ ಅವನ ಕಣ್ಣು ನಗುತ್ತಿತ್ತು.

"ಮರಾನೇ."

"ಪೂರ್ತಿ ಹೊತ್ತು?"

ನಾನು ಲೆನ್ಸ್ ಎತ್ತಿಕೊಂಡೆ. "ನಿಮ್ಮ ಹೆಚ್ಚಿನ ಉಂಗುರ ತೋರ್ಸಿ, ನೋಡೋಣ."

ಅವನು ಸೂಜಿಯ ಮೊನೆಯಿಟ್ಟ. ನಮ್ಮ ಮುತ್ತಜ್ಜಂದಿರಿಗೂ ಹಿಂದಿನ ಬರಗಾಲ, ಕಂಡೂ ಕಾಣದ ಒಂದು ಕಂದುಗೆರೆ. ಅದರ ಬೆನ್ನು ಹತ್ತಿ ಲೆನ್ಸ್ ಸರಿಸಿದೆ. ಅವನೂ ಬಗ್ಗಿದ, ಅವನ ಉಸಿರು ನನ್ನ ಮುಂಗುರುಳಿಗೆ ತಾಗಿತು. ಗೆರೆ ತೆಳುವಾಯಿತು, ಇನ್ನೂ ತೆಳುವಾಯಿತು, ನನ್ನ ಬದಿ ತಲುಪುವ ಮೊದಲೇ ಪಕ್ಕದ ಉಂಗುರದಲ್ಲಿ ಕರಗಿಹೋಯಿತು.

ಆ ವರ್ಷ ಮರಕ್ಕೆ ಸುತ್ತಲೂ ಬೆಳೆಯುವಷ್ಟು ನೀರಿರಲಿಲ್ಲ. ಒಂದೇ ಬದಿಗೆ ಬೆಳೆದು, ಹೇಗೋ ಉಳಿದುಕೊಂಡಿತ್ತು. ಈಗ ಯಾರ ನೆನಪಿನಲ್ಲೂ ಇಲ್ಲದ ಬಾಯಾರಿಕೆ ನಮ್ಮ ಬೆರಳಡಿಯಲ್ಲಿ ಮಲಗಿತ್ತು.

"ನಿಮ್ಮ ಎಣಿಕೆ ಸರಿಯಾಗೇ ಇದೆ," ಅವನ ದನಿ ತಗ್ಗಿತು. "ಈ ಕಡೆ ಆ ವರ್ಷದ ಗುರುತೇ ಇಲ್ಲ."

"ಗುರುತಿಲ್ಲ ಅಂದ್ರೆ ಜೀವ ಇರ್ಲಿಲ್ಲ ಅಂತಲ್ಲ." ಲೆನ್ಸ್‌ನಿಂದ ತಲೆಯೆತ್ತುವ ಧೈರ್ಯ ಬರಲಿಲ್ಲ. "ನನ್ನ ಕಡೆಯಿಂದ್ಲೂ ನಿಮಗೆ ಇಷ್ಟು ದಿನ ಏನೂ ಕಂಡಿರಲ್ಲ. ಆದ್ರೆ ಇತ್ತು. ದಿನಾ ಇತ್ತು."

ಸೂಜಿ ಅವನ ಕೈಜಾರಿ ಮೇಜಿನ ಮೇಲೆ ಬಿತ್ತು.

"ಗೋದಾಮಿನಲ್ಲಿ ಸಣ್ಣ ಮರಗಳ ಬಿಲ್ಲೆಗಳೂ ಇದ್ವು," ಎಂದ, ಅದನ್ನು ಎತ್ತಿಕೊಳ್ಳದೆ. "ಅವುಗಳ ಎಣಿಕೆ ಬೇಗ ಮುಗಿದುಬಿಡುತ್ತೆ. ಅದಕ್ಕೇ ಮೇಡಂನ ಕಾಡಿ ಬೇಡಿ ಇದನ್ನ ತಗೊಂಡೆ."

ನಾನು ತಲೆಯೆತ್ತಿದೆ. ಅವನ ಕಿವಿಯೂ ಕೆಂಪಾಗಿತ್ತು.

"ನಾನು ಹೋಗ್ತಿರೋ ಕಡೆ ಇದಕ್ಕಿಂತ ಮುದಿ ಮರಗಳಿವೆಯಂತೆ. ಬರ್ತೀಯಾ?"

"ಬರ್ತೀನಿ," ಎಂದೆ. ಪಕ್ಕದ ಕೋಣೆಗೂ ಕೇಳಿಸಿರಬೇಕು.