ಖಣಿಯ ಮುಂದಿನ ಕೆಂಪು ಕಲ್ಲು

"ನಿಂದರ್ರಿ! ಆ ದಾರಿ ನಿಮಗಲ್ರಿ!"

ಆಶೀಷ ಗಡಬಡಿಸಿ ಎರಡೂ ಬ್ರೇಕು ಹಿಡಿದ. ಹೊಸ ಸೈಕಲ್ಲು ಕೆಂಪು ಮುರುಮಿನ ಸಡಿಲ ಹರಳುಗಳ ಮೇಲೆ ಎರಡು ಮಾರು ಜಾರಿ, ಅಡ್ಡಡ್ಡ ನಿಂತಿತು.

ಚಿದ್ರಿಯ ಕೊನೆಯ ಮನೆಗಳನ್ನು ದಾಟಿದ ಮೇಲೆ ಬೀದರಿನ ಕೆಂಪು ನೆಲ ಒಮ್ಮೆಲೇ ಕೆಳಕ್ಕೆ ಇಳಿಯುತ್ತದಲ್ಲ, ಆ ಅಂಚಿನಲ್ಲಿ ಒಬ್ಬ ಹುಡುಗಿ ಎರಡೂ ಕೈ ಅಗಲಿಸಿ ನಿಂತಿದ್ದಳು. ರವಿವಾರ, ಬೆಳಗಿನ ಏಳು ಗಂಟೆ. ತಲೆಗೆ ಹೆಲ್ಮೆಟ್ಟು, ಮೊಣಕಾಲಿಗೆ ಗಾರ್ಡು. ಮುಖದಲ್ಲಿ ನಗೆಯ ಸುಳಿವೇ ಇಲ್ಲ.

"ಯಾಕ್ರಿ? ದಾರಿ ನಿಮ್ಮದೇನ್ರಿ?"

"ದಾರಿ ನಂದಲ್ರಿ. ಕಲ್ಲು ನಂದು. ಜರಾ ಆ ಕಡಿ ನೋಡ್ರಿ."

ದಾರಿಯ ಪಕ್ಕದಲ್ಲಿ ಕೊಡದ ಗಾತ್ರದ ಕಲ್ಲೊಂದಿತ್ತು. ಮೈತುಂಬ ಕೆಂಪು ಬಣ್ಣ. ಅದರ ಮೇಲೆ ಬಿಳಿ ಬಣ್ಣದಲ್ಲಿ ಕೆಳಮುಖದ ಬಾಣ, ಪಕ್ಕದಲ್ಲಿ ೩೦ ಎಂಬ ಅಂಕಿ. ಇನ್ನು ಮೂವತ್ತು ಹೆಜ್ಜೆಗೆ ದಾರಿ ಕಡಿದು ಬೀಳುತ್ತದೆ ಎಂದರ್ಥ.

"ಬಿಳಿ ಕಲ್ಲಿದ್ದಲ್ಲಿ ಹೊಸಬರು ಇಳೀಬೇಕು. ನೀಲಿ ಕಲ್ಲಿದ್ದಲ್ಲಿ ಬ್ರೇಕ್ ಹಿಡಿಯೋದು ಗೊತ್ತಿದ್ದವರು. ಕೆಂಪು ಕಲ್ಲಿದ್ದಲ್ಲಿ ಬೀಳೋದೂ ಗೊತ್ತಿದ್ದವರು."

"ನಾ ಪುಣೆ ಕಡಿ ಘಾಟಿನಾಗ ಹೊಡದೀನ್ರಿ ಮೇಡಂ."

"ಹೊಡದಿರಬಹುದು. ಅದನ್ನ ಈ ಮುರುಮಿಗೆ ಹೇಳಿ ಬಂದೀರೇನು?"

ಅಬ್ಬಾ, ಏನು ಬಾಯಿ ಈ ಹುಡುಗಿಯದು! ಆಶೀಷನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಗೆಯೂ ಬಂತು. ಸುಮ್ಮನೆ ಬಿಳಿ ಕಲ್ಲಿನ ದಾರಿ ಹಿಡಿದ.

ಅಲ್ಲಿ ಅವನ ಮುಂದೆ ಇಳಿಯುತ್ತಿದ್ದವರು ನಾರಾಯಣ ಕಾಕಾ. ವಯಸ್ಸು ಅರವತ್ಮೂರು, ನಿವೃತ್ತ ಪೋಸ್ಟ್‌ಮ್ಯಾನ್. ಕಾಕಾ ನೆಟ್ಟಗೆ ಇಳಿದುಹೋದರು. ಪುಣೆಯ ಘಾಟು ನೋಡಿದ ಆಶೀಷ ಮೂರನೆಯ ತಿರುವಿನಲ್ಲಿ ಜಾಲಿ ಪೊದೆಗೆ ಬಿದ್ದ.

ಮೇಲೆ ನಿಂತವಳು ಆಗ ಮೊದಲ ಸಲ ನಕ್ಕಳು. ಆ ನಗೆ ಅವನಿಗೆ ಜಾಲಿಮುಳ್ಳಿಗಿಂತ ಆಳವಾಗಿ ನಾಟಿತು ನೋಡಿ.

ಅವಳು ಮಹಾಮಾಯಾ. ಬೀದರಿನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರು. ಊರಿನ ಸುತ್ತ ಸೈಕಲ್ಲು ಇಳಿಯುವಂಥ ದಾರಿ ಹುಡುಕಿ, ಕಲ್ಲಿಗೆ ಬಣ್ಣ ಹಚ್ಚಿ, ಯಾರು ಎಲ್ಲಿ ಇಳಿಯಬೇಕೆಂದು ಗುರುತು ಮಾಡಿದವಳು ಅವಳೇ. ಆಶೀಷ ಔರಾದಿನವನು, ಪಶುವೈದ್ಯ. ಭಾಲ್ಕಿ ತಾಲ್ಲೂಕಿಗೆ ಬಂದು ಆಗಿನ್ನೂ ಒಂದು ತಿಂಗಳಾಗಿತ್ತು.

ಮುಂದಿನ ರವಿವಾರ ಅವನು ಮತ್ತೆ ಬಂದ. ಅದರ ಮುಂದಿನ ರವಿವಾರವೂ. ಸೀಟು ಇಳಿಸಿ ಪೆಡಲ್ ಮೇಲೆ ನಿಲ್ಲುವುದು, ಮೈಭಾರ ಹಿಂದಕ್ಕೆ ಒಯ್ಯುವುದು, ಬ್ರೇಕನ್ನು ಒಂದೇ ಬೆರಳಿನಲ್ಲಿ ಮುಟ್ಟಿ ಮುಟ್ಟಿ ಬಿಡುವುದು... ಎಲ್ಲ ಕಲಿತ. ಎರಡು ತಿಂಗಳಿಗೆ ನೀಲಿ, ನಾಲ್ಕು ತಿಂಗಳಿಗೆ ಕೆಂಪು. ಅಷ್ಟೊತ್ತಿಗೆ ಅವನು ಮೇಡಂ ಅನ್ನುವುದನ್ನು ಬಿಟ್ಟು ಮಹಾಮಾಯಾ ಅನ್ನುತ್ತಿದ್ದ. 'ರಿ' ಮಾತ್ರ ಇಬ್ಬರೂ ಬಿಟ್ಟಿರಲಿಲ್ಲ.

'ಹೇಳಿಬಿಡಲೇನು? ಹೊಸ ದಾರಿ ತೆರೆದ ದಿನ ಹೇಳತೇನಿ...' ಎಂದುಕೊಂಡಿದ್ದ ಅವನು.

'ಇವರು ಹೇಳದಿದ್ದರ ನಾನೇ ಹೇಳತೇನಿ!' ಎಂದುಕೊಂಡಿದ್ದಳು ಅವಳು.

ಹೊಸ ದಾರಿ ಹಲಬರ್ಗಾ ಕಡೆಯ ಗುಡ್ಡದ ಮೇಲೆ. ಇಬ್ಬರೂ ಸೇರಿ ಹುಡುಕಿದ್ದು. ಕೊನೆಯ ತಿರುವಿನಾಚೆ ಒಂದು ಹಳೆಯ ಕಲ್ಲಿನ ಖಣಿ, ಎರಡಾಳು ಆಳ; ಅಂಚಿಗೆ ಬರುವತನಕ ಕಾಣದು. ಅದಕ್ಕೆ ಮೂವತ್ತು ಹೆಜ್ಜೆ ಮೊದಲೇ ಕೆಂಪು ಕಲ್ಲು ಇರಬೇಕು, ಅಲ್ಲಿ ಬ್ರೇಕು ಹಿಡಿದು ಎಡಕ್ಕೆ ಹೊರಳಬೇಕು ಎಂದು ಮಾತಾಗಿತ್ತು. ಶುಕ್ರವಾರ ಶಾಲೆ ಬಿಟ್ಟ ಮೇಲೆ ಮಹಾಮಾಯಾ ಒಬ್ಬಳೇ ಹೋಗಿ, ಅಲ್ಲೇ ಇದ್ದ ಕಲ್ಲೊಂದನ್ನು ಉರುಳಿಸಿ ತಂದು, ಬಣ್ಣ ಹಚ್ಚಿ ಇಟ್ಟು ಬಂದಳು.

ರವಿವಾರ ಮೊದಲು ಇಳಿದವನು ಆಶೀಷ. ಅವಳು ಕೆಳಗೆ ಕಾಯುತ್ತಿದ್ದಳು. ಏನೇನು ಮಾತಾಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು.

ಧಡಲ್ ಎಂದು ಸದ್ದಾಯಿತು.

ಅವಳು ಓಡಿಹೋದಾಗ ಅವನು ಖಣಿಯ ತಳದಲ್ಲಿ ಭುಜ ಹಿಡಿದು ಕೂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಕಲ್ಲು... ಕಲ್ಲು ಇಟ್ಟಿಲ್ಲ ನೀವು."

"ಇಟ್ಟೀನ್ರಿ! ಶುಕ್ರವಾರ ಇಟ್ಟೀನಿ!"

ನಾರಾಯಣ ಕಾಕಾ ಮೇಲೆ ಹೋಗಿ ನೋಡಿ ಬಂದರು. ಅವಳ ಮುಖ ನೋಡದೆ ಹೇಳಿದರು. "ಅಲ್ಲಿ ಕಲ್ಲಿಲ್ಲ ಮಗಳ."

ಅವಳೂ ಹೋಗಿ ನೋಡಿದಳು. ಬರೀ ಮುರುಮು, ಆಡಿನ ಹೆಜ್ಜೆ. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಬಣ್ಣವಿತ್ತು. ಆದರೆ ಚಿದ್ರಿಯ ಕಲ್ಲಿಗೂ ಅದೇ ವಾರ ಅದೇ ಬಣ್ಣ ಹಚ್ಚಿದ್ದಳಲ್ಲ, ಉಗುರನ್ನು ಸಾಕ್ಷಿಯೆಂದು ಯಾರಿಗೆ ತೋರಿಸುವುದು?

ಆಶೀಷನ ಭುಜದ ಎಲುಬು ಮುರಿದಿತ್ತು. ಮರುದಿನ ಅವಳು ನೋಡಲು ಹೋದಾಗ ಅವನು ಮೆತ್ತಗೆ ಹೇಳಿದ.

"ಮಹಾಮಾಯಾ, ನನಗ ಸಿಟ್ಟಿಲ್ರಿ. ಮರತಿರಬಹುದು. ಮರತೆ ಅಂತ ಒಂದು ಮಾತು ಹೇಳಿಬಿಡ್ರಿ, ಮುಗೀತು."

"ಮರತಿಲ್ಲ."

"ಮತ್ತ ಕಲ್ಲೇನು ನಡಕೋತ ಹೋಯ್ತೇನ್ರಿ?"

ಅವನು ನಗಿಸಲು ನೋಡಿದ. ಅವಳ ಕಣ್ಣು ತುಂಬಿತು.

"ನಿಮ್ಮ ಕ್ಷಮಾ ನನಗ ಬ್ಯಾಡ್ರಿ. ಇಟ್ಟೀನಿ ಅಂದ್ರ ನಂಬಬೇಕಿತ್ತು. ಬರ್ತೇನಿ."

ಅಂದು ಮನೆಗೆ ಬಂದವಳು ಸೈಕಲ್ಲನ್ನು ಗೋಡೆಯ ಮೊಳೆಗೆ ತೂಗುಹಾಕಿದಳು. ಫೋನ್ ಬಂದರೆ ಎತ್ತಲಿಲ್ಲ. 'ಇವಳ ಕಲ್ಲು ನಂಬಿ ಇಳಿಯುವುದು ಹೇಗೆ?' ಎಂದು ಸವಾರರು ಮಾತಾಡಿಕೊಂಡರು. ಅದೂ ಅವಳ ಕಿವಿಗೆ ಬಿತ್ತು. ನೋವಾಯಿತು. ಆದರೆ ಅವರೆಲ್ಲ ಅಂದಿದ್ದಕ್ಕಿಂತ ಅವನೊಬ್ಬ ಅಂದಿದ್ದೇ ಹೆಚ್ಚು ನೋಯಿಸಿತು, ಏನು ಮಾಡುವುದು!

ಐದನೆಯ ವಾರ ಆಶೀಷ ಕೊರಳಿಗೆ ಕೈ ಕಟ್ಟಿಕೊಂಡೇ ಹಲಬರ್ಗಾಕ್ಕೆ ಹೋದ. ದನಗಳಿಗೆ ಚುಚ್ಚುಮದ್ದು ಹಾಕಿಸುವ ಕೆಲಸ. ಶಾಲುಬಾಯಿ ಎಂಬ ರೈತ ಹೆಂಗಸಿನ ಹೊಲದಲ್ಲಿ ಎಮ್ಮೆಗಳಿಗೆ ಸೂಜಿ ಹಾಕಿಸಿ, ಕೈಕಾಲು ತೊಳೆಯಲು ಬೇವಿನ ಗಿಡದ ಕಡೆ ನಡೆದ.

ಗಿಡದ ಬುಡದಲ್ಲಿ ಒಂದು ದೇವರು. ಅರಿಸಿನ, ಕುಂಕುಮ, ಚೆಂಡುಹೂವು, ಒಡೆದ ತೆಂಗಿನಕಾಯಿ.

"ಇದ್ಯಾವ ದೇವರವ್ವಾ? ಹೋದ ಸಲ ಬಂದಾಗ ಇದ್ದಿಲ್ಲ."

"ಗುಡ್ಡದ ತಾಯಿ ರೀ ಸಾಹೇಬ್ರ!" ಶಾಲುಬಾಯಿ ಸೆರಗು ಸರಿಮಾಡಿಕೊಂಡಳು. "ಆಡು ಹೊಡಕೊಂಡು ಹೋಗಿದ್ದೆ ಒಂದು ಶನಿವಾರ. ಕೆಂಪಗ ಹೊಳ್ಕೋತ ಕುಂತಿದ್ದಳ್ರಿ. ಮುಂದ ನೋಡಿದ್ರ ಖಣಿ! ಅಂಥಾ ಅಂಚಿನಾಗ ತಾಯಿನ್ನ ಒಬ್ಬಾಕಿನ್ನೇ ಹ್ಯಾಂಗ ಬಿಟ್ಟು ಬರೋದ್ರಿ? ನಾನು, ನಮ್ಮ ನಾದಿನಿ ಕೂಡಿ ಹೊತ್ಕೊಂಡು ಬಂದ್ವಿ. ತ್ರಿಶೂಲ ಅದ ನೋಡ್ರಿ. ಬಾಜೂಕ ಏನೋ ಬರದದ, ನನಗ ಓದಲಿಕ್ಕ ಬರಂಗಿಲ್ಲ."

ಆಶೀಷ ಬಾಗಿ ನೋಡಿದ. ಕುಂಕುಮದ ಕೆಳಗೆ ಕೆಳಮುಖದ ಬಾಣ. ಅದರ ಪಕ್ಕ ೩೦.

ಬೂಟು ಬಿಚ್ಚಿ ಆ ಕಲ್ಲಿಗೆ ತಲೆ ಬಾಗಿದ. ಯಾರಿಗೆ ಬಾಗಿದ್ದು ಎಂದು ಶಾಲುಬಾಯಿಗೆ ಹೇಗೆ ಗೊತ್ತಾಗಬೇಕು? ಕಲ್ಲನ್ನು ವಾಪಸು ಕೇಳುವ ಮನಸ್ಸು ಅವನಿಗೆ ಬರಲಿಲ್ಲ.

ಸಂಜೆ ಶಾಲೆಯ ಗೇಟಿನ ಮುಂದೆ ನಿಂತು ಅಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಮಹಾಮಾಯಾ ಕೇಳಿದಳು. ಎದೆಯ ಮೇಲಿನ ಭಾರ ಇಳಿದು, ಒಂದು ಗಳಿಗೆ ನಗುವೂ ಬಂತು. ಆಮೇಲೆ ಕೇಳಿದಳು.

"ಕಲ್ಲು ಸಿಕ್ತು ಅಂತ ಬಂದ್ರಿ. ಸಿಗದಿದ್ರ?"

ಅವನು ಕೊರಳಿಗೆ ಕಟ್ಟಿದ ಪಟ್ಟಿಯ ಗಂಟು ಸರಿಮಾಡಿಕೊಂಡ.

"ಹೋಗಿ ಬರ್ರಿ ಡಾಕ್ಟರ್ರೆ," ಎಂದಳು. ಆ ರಾತ್ರಿ ಅತ್ತಳು. ಯಾಕೆ ಅಳುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೂರು ರವಿವಾರ ಕಳೆದವು. ಆಮೇಲೊಂದು ಶನಿವಾರ ನಾರಾಯಣ ಕಾಕಾ ಮನೆಗೆ ಬಂದರು.

"ಹಲಬರ್ಗಾ ದಾರಿ ಮತ್ತ ಶುರು ಆಗ್ಯದ ಮಗಳ. ಎಲ್ಲಾರೂ ಇಳ್ಯಾಕತ್ತಾರ."

"ಕಲ್ಲಿಲ್ಲದೇನಾ? ಯಾರರೆ ಬಿದ್ರ ಏನ್ರಿ ಕಾಕಾ!"

"ಹೊಸ ಕಲ್ಲು ಇಟ್ರ ಅದನ್ನೂ ಒಯ್ಯತಾರ. ಅದಕ್ಕ ಕಲ್ಲಿನ ಜಾಗದಾಗ ಡಾಕ್ಟರು ನಿಂದರತಾರ. ಕೆಂಪು ಅಂಗಿ ಹಾಕ್ಕೊಂಡು. ಪ್ರತಿ ರವಿವಾರ ಬೆಳಿಗ್ಗಿ ಆರರಿಂದ. ಬಂದವರಿಗೆಲ್ಲಾ ಹೇಳತಾರ... ಇಲ್ಲಿ ಮಹಾಮಾಯಾ ಮೇಡಂ ಕಲ್ಲು ಇಟ್ಟಿದ್ರು, ನಾ ನಂಬಲಿಲ್ಲ, ತಪ್ಪು ನಂದು ಅಂತ."

ಮರುದಿನ ಅವಳು ಸೈಕಲ್ಲನ್ನು ಮೊಳೆಯಿಂದ ಇಳಿಸಿದಳು.

ಗುಡ್ಡದ ತಿರುವು ದಾಟುತ್ತಿದ್ದಂತೆ ಕೆಂಪು ಕಂಡಿತು. ಮಹಾಮಾಯಾ ಬ್ರೇಕು ಮುಟ್ಟಿ ಮುಟ್ಟಿ ಬಿಟ್ಟು, ಸರಿಯಾಗಿ ಅವನ ಮುಂದೆ ನಿಂತಳು. ಅವನ ಕೈ ಇನ್ನೂ ಪೂರ್ತಿ ಮೇಲೇಳುತ್ತಿರಲಿಲ್ಲ. ಬಿಸಿಲಿಗೆ ಮುಖ ಕಪ್ಪಾಗಿತ್ತು.

"ಮೂವತ್ತು ಹೆಜ್ಜಿ ಬರೋಬರಿ ಅದಾವ್ರಿ. ಅಳದು ನಿಂತೀನಿ," ಎಂದ.

"ನಾ ಕೇಳಿದ್ದಕ್ಕ ಜವಾಬು ಕೊಡ್ರಿ. ಕಲ್ಲು ಸಿಗದಿದ್ರ?"

"ಬರ್ತಿದ್ದಿಲ್ಲೇನೋ... ಖರೇ ಹೇಳತೇನ್ರಿ, ನನಗ ಗೊತ್ತಿಲ್ಲ." ಅವನು ಕಣ್ಣು ತಪ್ಪಿಸಲಿಲ್ಲ. "ಆದ್ರ ಇನ್ನ ಮ್ಯಾಲ ನೀವು ಅದ ಅಂದ್ರ ಅದ. ನಾ ಹೋಗಿ ನೋಡಂಗಿಲ್ಲ. ಆ ದಿನ ಕೆಳಗ ಬಂದು ಒಂದು ಮಾತು ಹೇಳಬೇಕಂತಿದ್ದೆ. ನೀವಂದ್ರ ನನಗ ಜೀವ ರೀ, ಮಹಾಮಾಯಾ."

ಅವನು ಸುಳ್ಳು ಹೇಳಿ ಅವಳನ್ನು ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ಅವಳ ಎರಡು ತಿಂಗಳ ಸಿಟ್ಟು ಕರಗಿದ್ದು ಅದಕ್ಕೇ.

"ಎಷ್ಟು ರವಿವಾರ ಹಿಂಗ ನಿಂದರತೀರಿ?"

"ನೀವು ಹೂಂ ಅನ್ನೋತನಕ. ಜರಾ ಲಗೂನ ಅನ್ರಿ... ಅಲ್ಲಿ ನೋಡ್ರಿ!"

ಕೆಳಗಿನಿಂದ ಶಾಲುಬಾಯಿ ಆಡು ಹೊಡೆದುಕೊಂಡು ಬರುತ್ತಿದ್ದಳು.

"ಕೆಂಪಗ ಕಂಡೀನಿ ಅಂತ ನನ್ನನ್ನೂ ಹೊತ್ಕೊಂಡು ಹೋಗಿ ಬೇವಿನ ಗಿಡದ ಕೆಳಗ ಇಟ್ಟಾಳು!"

ಮಹಾಮಾಯಾ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಸೈಕಲ್ಲನ್ನು ನೆಲಕ್ಕೆ ಒರಗಿಸಿ, ಅವನ ಪಕ್ಕ ಬಂದು ನಿಂತಳು.

"ಒಯ್ದ್ರ ಒಯ್ಯಲಿ ಬಿಡ್ರಿ. ನಿಮ್ಮನ್ನ ಒಬ್ಬರನ್ನೇ ಅಂತೂ ಬಿಡಂಗಿಲ್ಲ."

"ಅಂದ್ರ... ಹೂಂ ಏನ್ರಿ?"

"ಹೂಂ ರೀ."