ಎಂಟಕ್ಕೆ ಎರಡು, ಹನ್ನೆರಡಕ್ಕೆ ಮೂರು

“ತಗೀರಿ ಈ ಟೈಲ್ಸ್ ಸಾಲು!” ಹುಸ್ನಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಮಂಡಿಯೂರಿ ಕೂತಿದ್ದ ಗೌಂಡಿ ಸೈಫ ತಲೆಯೆತ್ತಿದ. ಹುಬ್ಬಿನ ಮೇಲೆ ಸಿಮೆಂಟು, ತುಟಿಯಂಚಿನಲ್ಲಿ ನಗು. ಆ ನಗುವಿಗೇ ಹುಸ್ನಾಳ ಎದೆ ಲಯ ತಪ್ಪುತ್ತಿತ್ತು, ಹಾಳಾದ್ದು.

“ಮತ್ತೇನಾತ್ರಿ ಟೀಚರ?”

ಉಮದಿ ಊರಿನ ಹುಸ್ನಾಳ ಮನೆಯ ಪಡಸಾಲೆಗೆ ಟೈಲ್ಸ್ ಹಾಕುವುದು ಮೂರು ದಿನದ ಕೆಲಸ. ಆದರೆ ಅವಳ ಅಬ್ಬಾ ನೂರಮಹಮ್ಮದರದು ಒಂದೇ ಹಟ: ಗೋಡೆ ಹೇಗಾದರೂ ಇರಲಿ, ಟೈಲ್ಸಿನ ಸಾಲು ಮಾತ್ರ ಕಿಬ್ಲಾದ, ಅಂದರೆ ಮಕ್ಕಾದ, ಕಡೆಗೇ ಓಡಬೇಕು, ನಮಾಜಿನ ಚಾಪೆ ಗೆರೆಗೆ ಗೆರೆ ಕೂಡಬೇಕು. ಶಾಲೆಯಲ್ಲಿ ಗಣಿತ ಕಲಿಸುವ ಮಗಳೇ ಲೆಕ್ಕ ಹಾಕಿಕೊಟ್ಟಳು. ಗೋಡೆಗುಂಟ ನಾಲ್ಕು ಫೂಟು ಹೋದರೆ ಒಂದು ಫೂಟು ಸರಿಯಬೇಕು, ಅದೇ ಸ್ಲೋಪು. ಎಲ್ಲ ಸಾಲಿಗೂ ಅದೇ ಬಂದರೆ ಸಮಾಂತರ. ಅಡ್ಡಸಾಲಿನ ಸ್ಲೋಪು ಮೈನಸ್ ನಾಲ್ಕಾಗಿ, ಎರಡನ್ನೂ ಗುಣಿಸಿದರೆ ಮೈನಸ್ ಒಂದು ಬಂದರೆ ಲಂಬ.

ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೂ ದಿನವೂ ಒಂದು ಸಾಲು ತಪ್ಪೆಂದು ಅವಳು ಕೀಳಿಸುತ್ತ, ಕೆಲಸ ಒಂಬತ್ತು ದಿನ ಹಿಡಿಯಿತು. ಇವತ್ತು ಕೊನೆಯ ಸಾಲು. ನಾಳೆಯಿಂದ ಸೈಫ ವಿಜಯಪುರದ ದೊಡ್ಡ ಕಟ್ಟಡಕ್ಕೆ, ಅದೂ ಎರಡು ವರ್ಷ. ಹುಸ್ನಾ ಸಾಲಿನ ಕಡೆ ಬೆರಳು ಮಾಡಿ ತೋರಿಸಿದಳು.

“ಮದಲನೇ ಸಾಲು ಎಂಟು ಫೂಟಿಗೆ ಎರಡು ಫೂಟು ಸರದೈತಿ. ಇದು ಹನ್ನೆರಡಕ್ಕ ಮೂರು. ಸ್ಲೋಪ್ ಬ್ಯಾರೆ. ಸಮಾಂತರ ಅಲ್ಲ.”

ಸೈಫ ಬೆರಳು ಮಡಚಿ ಎಣಿಸಿದ. “ಎಂಟಕ್ಕ ಎರಡಂದ್ರ ನಾಕಕ್ಕ ಒಂದು. ಹನ್ನೆರಡಕ್ಕ ಮೂರಂದ್ರೂ ನಾಕಕ್ಕ ಒಂದ ಅಲ್ರಿ? ನೀವ ಕಲಿಸೀರಿ.”

ಅಯ್ಯೋ, ಸಿಕ್ಕಿಬಿದ್ದಳು!

“ಲೆಕ್ಕಾ ತಪ್ಪಿತು,” ಎಂದಳು, ಓಢಣಿಯ ತುದಿ ಬೆರಳಿಗೆ ಸುತ್ತುತ್ತ.

“ದಿನಾ ತಪ್ಪತೈತೇನ್ರಿ?”

“ಮುಗದ್ರ ನೀ ಹೋಗ್ತಿ!” ಒಂಬತ್ತು ದಿನದಲ್ಲಿ ಮೊದಲ ಸಲ ‘ನೀ’ ಅಂದಿದ್ದಳು. “ಹೋಗಬ್ಯಾಡ ಅಂತ ಹೆಂಗ ಹೇಳಲಿ? ಅದಕ್ಕ ಕೀಳಸ್ತಿದ್ದೆ.”

ಸೈಫ ಕೈಯಲ್ಲಿದ್ದ ಟೈಲ್ಸನ್ನು ಮೆಲ್ಲಗೆ ಕೆಳಗಿಟ್ಟ. “ಮದಲನೇ ದಿನಾ ಮೂಲಿ ಲಂಬ ಬಂದಿಲ್ಲಂತ ಬೈದ್ರಲ್ಲ? ಮೂಲಿ ಅಳತಿ ಮಾಡೂ ಗುಣ್ಯಾ ಪಟ್ಟಿ ಕೈಯಾಗ ಇದ್ದಾಗ ಯಾವ ಗೌಂಡಿ ತಪ್ತಾನ್ರಿ? ಬೇಕಂತ ಓರೆ ಕೂಡ್ರಿಸಿದ್ದೆ. ನೀವು ಬಾಜೂಕ ಕುಂತು ತಿದ್ದಲಿ ಅಂತ.”

“ಕಳ್ಳ!” ಹುಸ್ನಾಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಒಳಬಾಗಿಲಲ್ಲಿ ಅಬ್ಬಾ ಕೆಮ್ಮಿದರು. ಇಬ್ಬರ ಜೀವವೂ ಬಾಯಿಗೆ ಬಂತು.

“ಇಬ್ರೂ ಕೂಡಿ ನನ್ನ ನಾಕ ಚೀಲ ಸಿಮೆಂಟ ಮಣ್ಣಪಾಲ ಮಾಡಿದ್ರಿ,” ಎಂದರು ನೂರಮಹಮ್ಮದ. “ಸೈಫ, ವಿಜಾಪುರಕ್ಕ ದಿನಾ ಬಸ್ಸೈತಿ, ಮನಿಂದನ ಹೋಗಿ ಬಾ. ನಾಳಿ ಸಂಜಿಕ ನಿಮ್ಮ ಅಮ್ಮೀನ ಕರಕೊಂಡ ಬಾ, ಮಾತಾಡೂಣು.”

ಸೈಫ ಹಿಗ್ಗಿನಿಂದ ಎದ್ದೇಬಿಟ್ಟ.

“ಎಲ್ಲಿ ಎದ್ದೆಪಾ? ಕುಂದರು, ಸಾಲು ಮುಗಸು! ಬೀಗರನ್ನೇನು ಹಸಿ ಸಿಮೆಂಟಿನ ಮ್ಯಾಲ ಕುಂದರಸಲಿ?”